ಚಿಪ್ ಎಲ್ಲಿತ್ತು ಸಾರ್?

ಕಳೆದ ವರ್ಷ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ‘ಪ್ರಚಲಿತ ವಿದ್ಯಮಾನದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಸಾರ್’ ಅಂತ ಸಮಾಜ ವಿಜ್ಞಾನದ ಮೇಷ್ಟ್ರು ಕರೆದಿದ್ದರು. ಹಾರ ಹಾಕಿದರು, ಭಾಷಣ ಮಾಡಿದೆ, ಮಕ್ಕಳು ಚಪ್ಪಾಳೆ ತಟ್ಟಿದರು. ‘ಪ್ರಶ್ನೆ ಇದ್ರೆ ಕೇಳಿ’ ಅಂದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಳು.

‘ಸಾರ್, ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅಂತ ನೀವು ಟಿವಿಯಲ್ಲಿ ಹೇಳಿದ್ರಂತೆ. ನಮ್ಮ ತಾತ ನೋಟನ್ನ ಬಲ್ಬಿಗೆ ಹಿಡಿದು ಹಿಡಿದು ನೋಡ್ತಿದ್ರಂತೆ. ಚಿಪ್ ಎಲ್ಲಿತ್ತು ಸಾರ್?’

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಮುಖ ಕೆಂಪಾಯಿತು. ನಾನೂ ನಕ್ಕೆ. ಆದರೆ ಆ ನಗು ಗಂಟಲಿನಿಂದ ಆಚೆ ಬರಲಿಲ್ಲ. ಯಾಕೆಂದರೆ ಆ ಮಗು ಹೇಳಿದ್ದು ನಿಜ. ನಾನು ಹೇಳಿದ್ದೆ.

2016ರ ನವೆಂಬರ್ 8. ರಾತ್ರಿ ಎಂಟು ಗಂಟೆಗೆ ಪ್ರಧಾನಿ ನೋಟು ರದ್ದು ಘೋಷಿಸಿದರು. ಆಮೇಲೆ ನಮ್ಮ ಸ್ಟುಡಿಯೋಗಳಲ್ಲಿ ಯಾರಿಗೂ ನಿದ್ದೆ ಇಲ್ಲ. ಹೊಸ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ಭೂಮಿಯ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಹುಡುಕಿ ಕೊಡುತ್ತೆ ಅನ್ನೋ ವಾಟ್ಸಾಪ್ ಸಂದೇಶ ಓಡಾಡ್ತಿತ್ತು. ದೇಶದ ಹಲವು ಚಾನಲ್‌ಗಳಲ್ಲಿ ಅದು ಸುದ್ದಿಯಾಯಿತು. ಆಗ ನಾನಿದ್ದ ಕಡೆಯೂ ಆಯಿತು. ಹೊಸ ನೋಟಿನಲ್ಲಿ ಏನೇನಿದೆ ಅನ್ನೋ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ಅದೇ ದಿನ ಪ್ರಕಟಿಸಿತ್ತು. ಹಿಂಬದಿಯಲ್ಲಿ ಮಂಗಳಯಾನದ ಚಿತ್ರವಿದೆ ಅಂತ ಅದರಲ್ಲಿತ್ತು, ಚಿಪ್ ಅನ್ನೋ ಮಾತೇ ಇರಲಿಲ್ಲ. ಎರಡು ನಿಮಿಷ ಓದಿದ್ದರೆ ಸಾಕಿತ್ತು. ಓದಲಿಲ್ಲ.

‘ಹೌದಮ್ಮ, ಹೇಳಿದ್ದೆ. ತಪ್ಪು ಹೇಳಿದ್ದೆ’ ಅಂದೆ. ಆಮೇಲೆ ಮೇಷ್ಟ್ರನ್ನ ಕೇಳಿದೆ, ‘ಇನ್ನೊಂದು ಪೀರಿಯಡ್ ಕೊಡ್ತೀರಾ?’ ಕೊಟ್ಟರು. ಆ ಪೀರಿಯಡ್‌ನಲ್ಲಿ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಳ್ಳು ಸುದ್ದಿ ಅಂದ ಕೂಡಲೇ ನಾವು ಮೊಬೈಲನ್ನ ಬೈತೀವಿ. ಮೊಬೈಲ್ ಇಲ್ಲದ ಕಾಲಕ್ಕೆ ಹೋಗೋಣ ಬನ್ನಿ. 1979ರ ಮಾರ್ಚ್ 22. ತುರ್ತು ಪರಿಸ್ಥಿತಿಗೆ ಮೊದಲು ದೇಶವನ್ನೇ ಬೀದಿಗಿಳಿಸಿದ್ದ ಜಯಪ್ರಕಾಶ ನಾರಾಯಣ್ ಮುಂಬೈಯ ಜಸ್‌ಲೋಕ್ ಆಸ್ಪತ್ರೆಯಲ್ಲಿದ್ದರು. ಕಾಯಿಲೆ ಜೋರಾಗಿತ್ತು. ಅತ್ತ ದೆಹಲಿಯಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಎದ್ದು ನಿಂತು ಜೆಪಿ ತೀರಿಕೊಂಡರು ಅಂತ ಹೇಳಿದರು. ಆಗ ಲೋಕಸಭೆಯ ಸ್ಪೀಕರ್ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಸಾಮಾನ್ಯರ ಸಭೆಯಲ್ಲ ಅದು. ಶ್ರದ್ಧಾಂಜಲಿ ಸಲ್ಲಿಸಿ ಸದನ ಮುಂದಕ್ಕೆ ಹೋಯಿತು. ಆಕಾಶವಾಣಿ ಮಾಮೂಲಿ ಕಾರ್ಯಕ್ರಮ ನಿಲ್ಲಿಸಿತು. ಶಾಲೆ, ಅಂಗಡಿಗಳು ಬಾಗಿಲು ಹಾಕಿದವು. ಆದರೆ ಜೆಪಿ ಬದುಕಿದ್ದರು! ಮುಂದೆ ಆರು ತಿಂಗಳಿಗೂ ಹೆಚ್ಚು ಬದುಕಿದರು. ಅವರು ತೀರಿಕೊಂಡದ್ದು ಅಕ್ಟೋಬರ್ 8ರಂದು, ಪಟ್ನಾದಲ್ಲಿ.

ಇಲ್ಲಿ ಯಾರಾದರೂ ಕೆಟ್ಟವರಿದ್ದರಾ? ಇಲ್ಲ. ಯಾರಿಗಾದರೂ ದೇಶವನ್ನು ಮೋಸ ಮಾಡುವ ಉದ್ದೇಶವಿತ್ತಾ? ಇಲ್ಲ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತವರನ್ನು ಕೇಳಿ ಖಚಿತ ಮಾಡಿಕೊಳ್ಳುವ ಒಂದು ಕೆಲಸ ಬಿಟ್ಟುಹೋಗಿತ್ತು, ಅಷ್ಟೇ. ದೊಡ್ಡವರು ಹೇಳಿದರು ಅನ್ನೋದು ಬೇರೆ, ನೋಡಿದವರು ಹೇಳಿದರು ಅನ್ನೋದು ಬೇರೆ. ಮಕ್ಕಳೇ, ಇದು ಮೊದಲನೇ ಪಾಠ ಅಂದೆ.

ಸರಿ, ಕಣ್ಣಾರೆ ನೋಡಿದರೆ ನಂಬಬಹುದಾ? 1995ರ ಸೆಪ್ಟೆಂಬರ್ 21, ಗುರುವಾರ. ಗಣಪತಿ ಹಾಲು ಕುಡೀತಿದ್ದಾನೆ ಅಂತ ದೆಹಲಿಯಲ್ಲಿ ಬೆಳಗಿನ ಜಾವ ಹೊರಟ ಸುದ್ದಿ, ಸಂಜೆಯೊಳಗೆ ದೇಶ ಸುತ್ತಿ ಲಂಡನ್ ತಲುಪಿತ್ತು. ಎಸ್‌ಟಿಡಿ ಬೂತ್‌ಗಳ ಕಾಲ ಅದು. ಅಂದು ಚಮಚ ಹಿಡಿದು ಸಾಲಿನಲ್ಲಿ ನಿಂತವರು ಸುಳ್ಳು ಹೇಳಲಿಲ್ಲ. ಚಮಚದ ಹಾಲು ಖಾಲಿಯಾದದ್ದನ್ನು ಅವರು ನಿಜಕ್ಕೂ ನೋಡಿದ್ದರು. ವಿಜ್ಞಾನಿಗಳು ಏನು ಮಾಡಿದರು ಗೊತ್ತಾ? ಹಾಲಿಗೆ ಬಣ್ಣ ಬೆರೆಸಿ ಕೊಟ್ಟರು. ಮೇಲ್ಮೈ ಎಳೆತಕ್ಕೆ ಹಾಲು ಚಮಚದಿಂದ ಕಲ್ಲಿಗೆ ದಾಟಿ, ತೆಳ್ಳಗೆ ಕೆಳಗೆ ಇಳಿಯೋದು ಆ ಬಣ್ಣದಿಂದ ಕಾಣಿಸಿತು. ನಂಬಿದವರನ್ನು ಅವರು ಬೈಯಲಿಲ್ಲ, ಪರೀಕ್ಷೆ ಮಾಡಿ ತೋರಿಸಿದರು. ಪವಾಡಗಳನ್ನು ಪರೀಕ್ಷಿಸಬೇಕು ಅಂತ ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲೇ, ಸಮಿತಿ ಮಾಡಿದ್ದರು. ಆಗ ಅವರು ತಿಂದ ಬೈಗುಳ ಅಷ್ಟಿಷ್ಟಲ್ಲ. ಪ್ರಶ್ನೆ ಕೇಳೋರಿಗೆ ನಮ್ಮಲ್ಲಿ ಹಾರ ಹಾಕೋದು ಕಡಿಮೆ.

ಇಲ್ಲಿಯವರೆಗೆ ಹುಡುಗರು ನಗ್ತಾ ಕೇಳ್ತಿದ್ದರು. ಮುಂದಿನದ್ದು ನಗೋ ಕಥೆಯಲ್ಲ.

2012ರ ಆಗಸ್ಟ್ 15. ಸ್ವಾತಂತ್ರ್ಯ ದಿನದ ಸಂಜೆ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬ್ಯಾಗು ಹಿಡಿದು ನಿಂತಿದ್ದರು. ಸೆಕ್ಯೂರಿಟಿ ಗಾರ್ಡ್‌ಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರ್‌ನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು. ರಂಜಾನ್ ಮುಗಿದ ಮೇಲೆ ನಿಮ್ಮ ಮೇಲೆ ದಾಳಿ ಆಗುತ್ತೆ ಅಂತ ಎಸ್‌ಎಂಎಸ್ ಹರಿದಾಡಿತ್ತು. ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಜುಲೈನಲ್ಲಿ ನಡೆದ ಹಿಂಸೆ ನಿಜ. ಆ ನಿಜದ ಬೆನ್ನಿಗೆ ಸುಳ್ಳು ಅಂಟಿಕೊಂಡು ಬಂತು. ಬೇರೆ ಕಡೆ ಭೂಕಂಪ, ಚಂಡಮಾರುತದಲ್ಲಿ ಸತ್ತವರ ಫೋಟೋಗಳನ್ನು ಗಲಭೆಯಲ್ಲಿ ಸತ್ತವರದ್ದು ಅಂತ ಹಂಚಲಾಗಿತ್ತು ಎಂದು ಕೇಂದ್ರ ಗೃಹ ಇಲಾಖೆ ಆಮೇಲೆ ಹೇಳಿತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸಬಾರದು ಅಂತ ಸರ್ಕಾರ 15 ದಿನ ನಿರ್ಬಂಧ ಹಾಕಿತು. ಟಿವಿಯವರಾದ ನಾವೇನು ಮಾಡಿದೆವು? ನಿಲ್ದಾಣದ ಜನಜಂಗುಳಿಯನ್ನ ಮತ್ತೆ ಮತ್ತೆ ತೋರಿಸಿದೆವು. ಮನೆಯಲ್ಲಿ ಕೂತು ಅದನ್ನು ನೋಡಿದ ಹುಡುಗನೂ ಬ್ಯಾಗು ಕಟ್ಟಿರಬೇಕು ಅನ್ನೋ ಅನುಮಾನ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ಆ ಫೋಟೋಗಳು ಎಲ್ಲಿಯವು, ಯಾವ ವರ್ಷದವು ಅಂತ ಹಂಚಿದವರು ಕೇಳಲಿಲ್ಲ. ನೋಡಿದವರೂ ಕೇಳಲಿಲ್ಲ.

ಇನ್ನು 2018. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ನೀವೂ ನೋಡಿರಬಹುದು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ ಜಾಹೀರಾತು. ಕೊನೆಯಲ್ಲಿ ಅದೇ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಸಂದೇಶದ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನ ಕತ್ತರಿಸಿ ಹಾಕಿದರು. ಉಳಿದ ತುಂಡು, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಧ್ವನಿ ಸಂದೇಶಗಳ ಜೊತೆ ನಮ್ಮೂರುಗಳಿಗೆ ಬಂತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೇ ಸತ್ತರು. ಅವರ ತಂಡ ಮಾಡಿದ ತಪ್ಪೇನು? ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು.

ಹಾಲ್‌ನಲ್ಲಿ ಸದ್ದಿರಲಿಲ್ಲ. ನಾನು ಕೇಳಿದೆ: ಹೊಡೆದವರು ಹುಟ್ಟಾ ಕೊಲೆಗಾರರಾ? ತಮ್ಮ ಮಕ್ಕಳನ್ನ ಕಾಪಾಡ್ತಿದ್ದೀವಿ ಅಂದ್ಕೊಂಡೇ ಅವರು ಓಡಿಬಂದದ್ದು. ಕತ್ತರಿಸಿದ ಆ ಕೊನೆಯ ತುಂಡನ್ನ ಒಬ್ಬನಾದರೂ ನೋಡಿದ್ದಿದ್ರೆ, ‘ತಡೀರಪ್ಪ, ಇದು ನಮ್ಮೂರದ್ದಲ್ಲ’ ಅಂದಿದ್ದಿದ್ರೆ?

ಹಾಗೆ ಅನ್ನೋ ಒಬ್ಬನನ್ನ ತಯಾರು ಮಾಡೋದು ಹೇಗೆ? ದೂರ ಹೋಗೋದು ಬೇಡ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕೇರಳದ ಕಣ್ಣೂರು ಜಿಲ್ಲೆ. ದಡಾರ–ರುಬೆಲ್ಲಾ ಲಸಿಕೆ ಹಾಕಿಸಬೇಡಿ ಅನ್ನೋ ವಾಟ್ಸಾಪ್ ಸುಳ್ಳಿಗೆ ಅಲ್ಲಿ ಅಪ್ಪ ಅಮ್ಮಂದಿರು ಹೆದರಿದ್ದರು. ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಏನು ಮಾಡಿದರು? ಬರೀ ಎಚ್ಚರಿಕೆ ಕೊಟ್ಟು ಕೂರಲಿಲ್ಲ, ಶಾಲೆಗೆ ಹೋದರು. 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೆ’ ಅನ್ನೋ ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಯಿತು. ಮಕ್ಕಳು ಮನೆಗೆ ಹೋಗಿ ಅಪ್ಪನ ಮೊಬೈಲ್ ನೋಡಿ ‘ಇದು ಎಲ್ಲಿಂದ ಬಂತು?’ ಅಂತ ಕೇಳಬೇಕು, ಅದೇ ಲೆಕ್ಕಾಚಾರ. 2022ರಲ್ಲಿ ಅದೇ ಹೆಸರಿನ ತರಬೇತಿಯನ್ನು ಕೇರಳ ಸರ್ಕಾರ ರಾಜ್ಯದ 19 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಿತು.

ನಮ್ಮಲ್ಲಿ ಆಗಲ್ವಾ? ಅದಕ್ಕೆ ಹೊಸ ಪುಸ್ತಕವೂ ಬೇಡ, ಕಂಪ್ಯೂಟರ್ ಲ್ಯಾಬೂ ಬೇಡ ಅಂತ ನನಗನ್ನಿಸುತ್ತೆ. ಇತಿಹಾಸದ ಪೀರಿಯಡ್ ಇದೆಯಲ್ಲ, ಅದೇ ಸಾಕು. ಮೊದಲನೇ ಪಾಣಿಪತ್ ಯುದ್ಧ ಯಾವಾಗ ಅಂದ್ರೆ 1526 ಅಂತ ಥಟ್ಟನೆ ಹೇಳುವ ಮಗುವಿಗೆ, ಬೆಳಿಗ್ಗೆ ಬಂದ ವಿಡಿಯೋ ಯಾವ ಇಸವಿಯದ್ದು ಅಂತ ಕೇಳೋದನ್ನ ನಾವು ಕಲಿಸಲಿಲ್ಲ. ಹಲ್ಮಿಡಿ ಶಾಸನದಲ್ಲಿ ಇಸವಿ ಬರೆದಿಲ್ಲ. ವಿದ್ವಾಂಸರು ಅಕ್ಷರದ ರೂಪ ನೋಡಿ, ಭಾಷೆ ನೋಡಿ, ಅದರ ಕಾಲ ನಿರ್ಧರಿಸಿದರು. ಕೆತ್ತಿಸಿದ್ದು ಯಾರು, ಯಾವಾಗ, ಎಲ್ಲಿ, ಯಾತಕ್ಕೆ, ಯಾವ ಭಾಗ ಒಡೆದು ಹೋಗಿದೆ ಅಂತ ಕಲ್ಲನ್ನ ಕೇಳಿದ ಪ್ರಶ್ನೆಗಳನ್ನೇ ಮೊಬೈಲನ್ನೂ ಕೇಳಿ. ಟಿವಿಯನ್ನೂ ಕೇಳಿ. ನನ್ನನ್ನೂ ಕೇಳಿ.

‘ಹಾಗಾದ್ರೆ ನಿಮ್ಮ ಚಾನಲ್ ನೋಡಬಾರದಾ ಸಾರ್?’ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ‘ನೋಡಪ್ಪ, ನೋಡದೇ ಇದ್ರೆ ನನ್ನ ಹೊಟ್ಟೆಪಾಡೇನು? ಆದ್ರೆ ನಾನು ಹೇಳಿದ್ದಕ್ಕೇ ನಂಬಬೇಡ’ ಅಂದೆ.

ಹೊರಡುವಾಗ ಆ ಹುಡುಗಿಯನ್ನ ಕರೆದೆ. ‘ನೋಟಿನಲ್ಲಿ ಚಿಪ್ ಇರಲಿಲ್ಲ, ಆ ಟಿವಿಯವನೇ ಒಪ್ಕೊಂಡ ಅಂತ ನಿಮ್ಮ ತಾತನಿಗೆ ಹೇಳಮ್ಮ’ ಅಂದೆ. ಎರಡು ಸಾವಿರದ ನೋಟನ್ನ ಚಲಾವಣೆಯಿಂದ ಹಿಂದಕ್ಕೆ ಪಡೀತೀವಿ ಅಂತ ರಿಸರ್ವ್ ಬ್ಯಾಂಕ್ 2023ರ ಮೇ 19ರಂದೇ ಹೇಳಿಯಾಗಿದೆ. ನೋಟು ಹೋದರೂ ಸುಳ್ಳು ಹೋಗಿರಲಿಲ್ಲ.

ಹುಡುಗಿ ತಲೆ ಅಲ್ಲಾಡಿಸಿದಳು. ‘ಎಷ್ಟು ಹೇಳಿದ್ರೂ ತಾತ ನಂಬಲ್ಲ ಸಾರ್. ಟಿವಿಯಲ್ಲೇ ಬಂದಿತ್ತಲ್ಲ ಅಂತಾರೆ.’