ಗಾಳಿ ಪಿಸ್ತೂಲಿನ ಕಥೆ

ಜೀವಮಾನವಿಡೀ ಕಾವ್ಯ, ಛಂದಸ್ಸು, ವ್ಯಾಕರಣಗಳನ್ನು ಪಾಠ ಹೇಳಿದವನೊಬ್ಬ ಪಿಸ್ತೂಲಿನ ವಿಚಾರ ಮಾತನಾಡಲು ಹೊರಟರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ಆದರೆ ನಾನಿಂದು ಹೇಳಹೊರಟಿರುವುದು ಮದ್ದು ಸಿಡಿಸುವ ಪಿಸ್ತೂಲಿನ ಮಾತಲ್ಲ. ಒಂದು ಉಕ್ಕಿನ ಸುರುಳಿ, ಒಂದು ಚರ್ಮದ ಬಿಲ್ಲೆ, ಒಂದು ಹಿಡಿ ಗಾಳಿ - ಇಷ್ಟರಿಂದಲೇ ಕೆಲಸ ನಡೆಸುವ ಹಳೆಯ ಗಾಳಿ ಪಿಸ್ತೂಲಿನ ಮಾತು. ಅದಕ್ಕೂ ನನ್ನ ಬಾಲ್ಯಕ್ಕೂ ಒಂದು ನಂಟಿದೆ.

ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಲ್ಲಿ ನನ್ನ ಸೋದರಮಾವ ರೈಟರಾಗಿದ್ದರು. ತೋಟವನ್ನು ಮಾರಿ ಸ್ವದೇಶಕ್ಕೆ ಹೊರಟ ಇಂಗ್ಲಿಷ್ ದೊರೆ ತನ್ನ ಮೇಜಿನ ಖಾನೆಯಲ್ಲಿದ್ದ ವೆಬ್ಲಿ ಗಾಳಿ ಪಿಸ್ತೂಲನ್ನು ಅವರ ಕೈಗಿತ್ತು ಹೋಗಿದ್ದನಂತೆ. ಮಾವ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಹತ್ತು ವರ್ಷದ ಹುಡುಗನಿಗೆ ಆ ಟ್ರಂಕಿನ ಮೇಲೆ ಎಷ್ಟು ಕಣ್ಣಿದ್ದಿರಬಹುದೆಂಬುದನ್ನು ನೀವೇ ಊಹಿಸಬಲ್ಲಿರಿ.

ಗಾಳಿಯನ್ನು ಅದುಮಿ ಗುಂಡು ಹಾರಿಸುವ ತತ್ತ್ವ ನಮಗೇನೂ ಅಪರಿಚಿತವಲ್ಲ. ಮಲೆನಾಡಿನ ಮಕ್ಕಳು ಬಿದಿರ ಕೊಳವೆಯಲ್ಲಿ ಮಾಡಿಕೊಳ್ಳುವ ಪೆಟ್ಲನ್ನು ಬಲ್ಲವರು ಇದನ್ನು ಒಂದೇ ಮಾತಿನಲ್ಲಿ ಗ್ರಹಿಸಿಯಾರು. ಕೊಳವೆಯ ತುದಿಯಲ್ಲಿ ಒಂದು ಕಾಯಿ ಸಿಕ್ಕಿಕೊಂಡಿರುತ್ತದೆ. ಹಿಂದಿನಿಂದ ಇನ್ನೊಂದು ಕಾಯಿಯನ್ನು ಕೋಲಿನಿಂದ ನೂಕಿದರೆ ನಡುವಿನ ಗಾಳಿ ಕುಗ್ಗಿ ಕುಗ್ಗಿ, ಕೊನೆಗೆ ಮುಂದಿನ ಕಾಯಿಯನ್ನು ಟಪ್ಪೆಂದು ಹೊರಕ್ಕೆ ಎಸೆಯುತ್ತದೆ. ಇಲ್ಲಿ ಕೋಲನ್ನು ನೂಕುವುದು ಮಗುವಿನ ಕೈ. ಆ ಕೈಯ ಸ್ಥಾನದಲ್ಲಿ ಬಿಗಿಯಾದ ಉಕ್ಕಿನ ಸ್ಪ್ರಿಂಗನ್ನಿಟ್ಟರೆ ಅದೇ ಗಾಳಿ ಪಿಸ್ತೂಲು.

ಯೂರೋಪಿನಲ್ಲಿ ಗಾಳಿಕೋವಿಯ ಚರಿತ್ರೆ ಹಳೆಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬಾತ ರೂಪಿಸಿದ ಗಾಳಿಕೋವಿಯನ್ನು ಬಳಸಿತ್ತು. ಆದರೆ ಅದರ ಹಿಡಿಕೆಯೇ ಗಾಳಿಯ ಬುರುಡೆ. ಅದಕ್ಕೆ ಮೊದಲೇ ಪಂಪಿನಿಂದ ಗಾಳಿ ತುಂಬಿಡಬೇಕು. ಸ್ಪ್ರಿಂಗಿನ ಪಿಸ್ತೂಲಿನಲ್ಲಿ ಇಂಥ ಕೂಡಿಟ್ಟ ಗಾಳಿಯೇ ಇಲ್ಲ. ಕೂಡಿಟ್ಟಿರುವುದು ಸ್ಪ್ರಿಂಗಿನ ಬಲ ಮಾತ್ರ. ಗಾಳಿಯ ಒತ್ತಡ ಹುಟ್ಟುವುದು ಟ್ರಿಗರ್ ಎಳೆದ ಆ ಕ್ಷಣದಲ್ಲಿ, ಮುಗಿಯುವುದೂ ಆ ಕ್ಷಣದಲ್ಲಿಯೇ.

ಇನ್ನು ವೆಬ್ಲಿಯ ಮಾತು. ಬರ್ಮಿಂಗ್‌ಹ್ಯಾಮಿನ ಈ ಕಾರ್ಖಾನೆ 1887ರಿಂದ ಬ್ರಿಟಿಷ್ ಸೈನ್ಯಕ್ಕೆ ರಿವಾಲ್ವರುಗಳನ್ನು ಒದಗಿಸುತ್ತಿತ್ತು. ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿಯಿತು. ಯುದ್ಧದಿಂದ ಮರಳಿದವರ ಬಳಿ ಉಳಿದ ಆಯುಧಗಳ ಭಯ, ರಷ್ಯದ ಕ್ರಾಂತಿ ತಮ್ಮ ನಾಡಿಗೂ ಹಬ್ಬೀತೆಂಬ ಭಯ - ಇವೆರಡೂ ಕೂಡಿ ಬ್ರಿಟನ್ನಿನಲ್ಲಿ 1920ರ ಬಂದೂಕು ಕಾಯಿದೆಯನ್ನು ತಂದವು. ಪಿಸ್ತೂಲಿಟ್ಟುಕೊಳ್ಳಲು ಪೊಲೀಸರ ಅನುಮತಿಪತ್ರ ಬೇಕಾಯಿತು. ಗಾಳಿಯ ಆಯುಧಗಳಿಗೆ ಮಾತ್ರ, ಅವು ‘ವಿಶೇಷ ಅಪಾಯಕಾರಿ’ ಎಂದು ಸರ್ಕಾರ ಸಾರದಿದ್ದರೆ, ವಿನಾಯಿತಿ ದೊರೆಯಿತು. ಜಾನ್‌ಸ್ಟನ್ ಮತ್ತು ಫರ್ನ್ ಎಂಬ ಇಬ್ಬರ ವಿನ್ಯಾಸವನ್ನು ಆಧರಿಸಿ ವೆಬ್ಲಿಯವರು 1924ರಲ್ಲಿ ಗಾಳಿ ಪಿಸ್ತೂಲನ್ನು ಮಾರುಕಟ್ಟೆಗೆ ತಂದದ್ದು ಈ ಹಿನ್ನೆಲೆಯಲ್ಲಿ. ಸೈನ್ಯಾಧಿಕಾರಿಯ ಸೊಂಟದಲ್ಲಿದ್ದ ಹೆಸರು ಹೀಗೆ ಗೃಹಸ್ಥನ ಹಿತ್ತಿಲಿಗೂ ಬಂದಿತು.

ಅದರ ರಚನೆಯಲ್ಲಿ ಒಂದು ಜಾಣತನವಿದೆ. ಸ್ಪ್ರಿಂಗು, ಪಿಸ್ಟನ್ನುಗಳಿರುವ ಕೊಳವೆ ಕೆಳಗೆ. ಗುಂಡಿನ ನಳಿಕೆ ಅದರ ಬೆನ್ನ ಮೇಲೆ. ನಳಿಕೆಯ ಕೀಲು ಮುಂತುದಿಯಲ್ಲಿದೆ. ಹಿಂದಿನ ಅಗುಳಿಯನ್ನು ಸಡಿಲಿಸಿ ನಳಿಕೆಯನ್ನು ಮೇಲೆತ್ತಿ ಮುಂದಕ್ಕೆ ಬಾಗಿಸಿದರೆ ಅದೇ ಸನ್ನೆಗೋಲಾಗಿ ಪಿಸ್ಟನ್ನನ್ನು ಮುಂದಕ್ಕೆ ಸೆಳೆದು ಸ್ಪ್ರಿಂಗನ್ನು ಅದುಮುತ್ತದೆ. ಕಟ್ಟೆಂಬ ಸದ್ದಿನೊಡನೆ ಪಿಸ್ಟನ್ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ನಳಿಕೆಯ ಹಿಂಬಾಯಿಗೆ ಸೊಂಟ ಸಣ್ಣಗಾದ ಸೀಸದ ಗುಂಡನ್ನಿಟ್ಟು ಮತ್ತೆ ಮುಚ್ಚಬೇಕು. ಟ್ರಿಗರ್ ಎಳೆದೊಡನೆ ಪಿಸ್ಟನ್ ಹಿಮ್ಮುಖವಾಗಿ, ಎಂದರೆ ಹಾರಿಸುವವನ ಕಡೆಗೆ, ಧಾವಿಸುತ್ತದೆ. ಅದುಮಿದ ಗಾಳಿ ಹಿಂಬದಿಯ ರಂಧ್ರದಿಂದ ಮೇಲಕ್ಕೇರಿ ಗುಂಡಿನ ಬೆನ್ನಿಗೆ ಬಡಿಯುತ್ತದೆ. ಉದ್ದವನ್ನು ಉಳಿಸಲು ಕಂಡುಕೊಂಡ ಉಪಾಯವಿದು. ಭಾರವಾದ ಪಿಸ್ಟನ್ ಹಿಂದಕ್ಕೋಡುವಾಗ ಪಿಸ್ತೂಲು ಮುಂದಕ್ಕೂ, ಅದು ತಡೆದು ನಿಂತಾಗ ಹಿಂದಕ್ಕೂ ಜಗ್ಗುತ್ತದೆ. ಗುರಿಕಾರನಿಗೆ ಕಷ್ಟವಾಗುವುದು ಇದೇ.

ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಇಲ್ಲಿ ಗಾಳಿ ಕುಗ್ಗುವುದು ಇನ್ನೂ ತ್ವರಿತ. ಶಾಖ ಹೊರಹೋಗಲು ವೇಳೆಯೇ ಸಾಲದು, ಉಷ್ಣತೆ ನೂರಾರು ಡಿಗ್ರಿಗೆ ಏರುತ್ತದೆ. ಚರ್ಮದ ಬಿಲ್ಲೆಗೆ ಎಣ್ಣೆ ಹೆಚ್ಚಾದರೆ ಆ ಎಣ್ಣೆಯೇ ಹೊತ್ತಿಕೊಂಡು ನಳಿಕೆಯಿಂದ ಹೊಗೆ ಬರುವುದುಂಟು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ ಉರಿ ಹುಟ್ಟುವ ಬಗೆಯೂ ಇದೇ. ಎಣ್ಣೆ ಆರಿದರೋ ಚರ್ಮ ಬಿರಿದು ಗಾಳಿ ಸೋರಿಹೋಗುತ್ತದೆ. ಗುಂಡಿಲ್ಲದೆ ಹಾರಿಸಿದರೆ ಪಿಸ್ಟನ್ನಿಗೆ ತಡೆಯಾಗಿ ನಿಲ್ಲುವ ಗಾಳಿ ಇಲ್ಲದೆ, ಅದು ನೇರವಾಗಿ ಕೊಳವೆಯ ತುದಿಗೆ ಅಪ್ಪಳಿಸುತ್ತದೆ.

ಇದೊಂದನ್ನೂ ಅರಿಯದ ನಾನು ಒಂದು ಮಧ್ಯಾಹ್ನ ಟ್ರಂಕು ತೆರೆದೆ. ಎರಡೂ ಕೈಗಳ ಬಲದಿಂದ ನಳಿಕೆಯನ್ನು ಎತ್ತಿ ಬಾಗಿಸಿದೆ, ಕಟ್ಟೆಂದಿತು. ಆ ಸದ್ದಿಗೆ ಒಳಬಂದ ಮಾವ ನಳಿಕೆಗೆ ಕೈ ಹಾಕಿದರು. ಅವರನ್ನು ಕಂಡು ಬೆದರಿದ ನನ್ನ ಬೆರಳು ಟ್ರಿಗರನ್ನು ಒತ್ತಿತು. ತೆರೆದಿದ್ದ ನಳಿಕೆ ಸ್ಪ್ರಿಂಗಿನ ಬಲಕ್ಕೆ ಹಿಂದಕ್ಕೆ ಬಡಿದು, ಅವರ ಹೆಬ್ಬೆರಳು ನಡುವೆ ಸಿಕ್ಕಿತು. ಉಗುರು ಕಪ್ಪಾಗಿ ರಕ್ತ ಜಿನುಗಿತು. ನಾನು ಅಳತೊಡಗಿದೆ, ಅವರು ಬಯ್ಯಲಿಲ್ಲ.

ಸಂಜೆ ಬಟ್ಟೆ ಸುತ್ತಿದ ಬೆರಳಿನಿಂದಲೇ ಪಿಸ್ತೂಲನ್ನು ಚಾಪೆಯ ಮೇಲೆ ಬಿಚ್ಚಿ, ಒಂದೊಂದು ಭಾಗವನ್ನೂ ತೋರಿಸಿ, “ಗೊತ್ತಿಲ್ದೇ ಇರೋದನ್ನ ಮುಟ್ಬೇಡ ಕಣೋ. ಮುಟ್ಲೇಬೇಕು ಅಂದ್ರೆ ನನ್ನ ಕೇಳಿ ತಿಳ್ಕೊಂಡು ಮುಟ್ಟು” ಎಂದರು. ನಾನು ಮುಂದೆ ಅಧ್ಯಾಪಕನಾದೆ. ಅಷ್ಟು ಚೆನ್ನಾದ ಪಾಠವನ್ನು ನಾನು ಹೇಳಿದ ನೆನಪಿಲ್ಲ.

ವೆಬ್ಲಿಯವರ ಬರ್ಮಿಂಗ್‌ಹ್ಯಾಮ್ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿತು. ಮಾವನೂ ಈಗಿಲ್ಲ. ಅರ್ಧ ಗ್ರಾಮಿನಷ್ಟು ಸೀಸವನ್ನು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಎಸೆಯುವ ಆ ವಸ್ತು ಆಟಿಕೆಯಲ್ಲ. ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋದೀತು. ‘ವಿಶೇಷ ಅಪಾಯಕಾರಿ’ ಎಂಬ ಕಾಯಿದೆಯ ಆ ಎರಡು ಪದಗಳನ್ನು ಓದಿದಾಗಲೆಲ್ಲ ನನಗೆ ಮಾವನ ಹೆಬ್ಬೆರಳಿನ ಉಗುರು ನೆನಪಾಗುತ್ತದೆ. ಅದು ಮತ್ತೆ ಬೆಳೆಯಿತಾದರೂ ನಡುವೆ ಒಂದು ಗೆರೆ ಕೊನೆಯತನಕ ಉಳಿದಿತ್ತು.