ಸ್ಕೂಲು ಎಂದರೆ ಬಿಡುವು

ಗ್ರೀಕರಲ್ಲಿ ಬಿಡುವೆಂಬ ಅರ್ಥದ ‘ಸ್ಖೊಲೆ’ಯೇ ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ಬಂದು ‘ಸ್ಕೂಲ್’ ಆಯಿತು. ಇಂದು ಅದು ಪಾಠದ ಮನೆಯೂ ಹೌದು, ಪಂಡಿತರ ಪಂಥವೂ ಹೌದು. ನಮ್ಮ ಕಡೆ ಪಾಠದ ಮನೆಗೇ ಹಲವು ಹೆಸರುಗಳು: ಕಲ್ಯಾಣದ ಚಾಲುಕ್ಯರ ಕಾಲದ, 1058ರ ನಾಗಾವಿ ಶಾಸನದಲ್ಲಿ ‘ಘಟಿಕಾಸ್ಥಾನ’, ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ‘ಮದರಸಾ’, ಎಂದರೆ ಪಾಠದ ಎಡೆ, ಹಳ್ಳಿಗಳಲ್ಲಿ ಅಯ್ಯನವರ ‘ಮಠ’. ಘಟಿಕೆಗೆ ದತ್ತಿಯಿತ್ತು, ಮದರಸಕ್ಕೆ ವಜೀರನ ಆಶ್ರಯವಿತ್ತು. ಅಲ್ಲಿ ಕಲಿಯುವವರಿಗೆ ಬಿಡುವು ದೊರೆಯಿತು. ಹುಮನಾಬಾದಿನ ಬಳಿಯ ಹುಡಗಿಯಂಥ ಊರಿನಲ್ಲಿ ಹೊಲಕ್ಕೆ ಹೋಗಬೇಕಾದ ಹುಡುಗನಿಗೆ ಅದನ್ನು ಯಾರು ಕೊಟ್ಟಾರು? 1948ರವರೆಗಿನ ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ಪಾಠ ಮುಖ್ಯವಾಗಿ ಉರ್ದುವಿನಲ್ಲಿ. ಬಿಡುವು ಸಿಕ್ಕವನಿಗೂ ಮನೆಯ ಮಾತು ಸಿಗಲಿಲ್ಲ. ಹೆಸರು ಯಾವುದಾದರೂ ಇರಲಿ, ಮಗುವಿನ ಬಿಡುವಿನ ಬೆಲೆಯನ್ನು ನಾಡು ತೆತ್ತಾಗಲೇ ಅದು ಎಲ್ಲರ ಶಾಲೆ.