ಮಣ್ಣಿನ ಮನೆಯಲ್ಲಿ ಶುರುವಾದ ಆಸ್ಪತ್ರೆ



ಅಲ್ ಐನ್‌ನಲ್ಲಿ ‘ಕನದ್ ಆಸ್ಪತ್ರೆ’ ಎಂಬ ದೊಡ್ಡ ಆಸ್ಪತ್ರೆಯಿದೆ. ಬೇಗ ಓದಿದರೆ ‘ಕನ್ನಡ’ ಎಂದೇ ಕಾಣುತ್ತದೆ! ಆದರೆ ಈ ಹೆಸರಿಗೂ ನಮ್ಮ ಭಾಷೆಗೂ ಸಂಬಂಧವಿಲ್ಲ. ಅದು ‘ಕೆನಡಿ’ ಎಂಬ ಅಮೆರಿಕನ್ ಹೆಸರು. ಅಲ್ಲಿನ ಅರಬ್ಬರ ಬಾಯಲ್ಲಿ ಕೆನಡಿ ಕನದ್ ಆಯಿತು. ಮೊದಲು ಅದಕ್ಕೆ ಓಯಸಿಸ್ ಆಸ್ಪತ್ರೆ ಎಂಬ ಹೆಸರಿತ್ತು. 2019ರಲ್ಲಿ, ಅದನ್ನು ಕಟ್ಟಿದ ವೈದ್ಯ ದಂಪತಿಯ ನೆನಪಿಗಾಗಿ ಜನರ ಬಾಯಲ್ಲಿದ್ದ ಹೆಸರನ್ನೇ ಇಟ್ಟರು.

ಈಗ ನಮ್ಮ ರಾಸ್ ಅಲ್ ಖೋರ್ ಪಕ್ಕದ ಹೆದ್ದಾರಿಯಲ್ಲಿ ಕಾರು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಅಲ್ ಐನ್ ತಲುಪುತ್ತೇವೆ. ಎಸಿ ಹಾಕಿಕೊಂಡು, ಹಾಡು ಕೇಳುತ್ತಾ, ನಡುವೆ ಚಹಾ ಕುಡಿದು ಹೋಗುತ್ತೇವೆ. 1960ರಲ್ಲಿ ಆ ದಾರಿಯೇ ಇರಲಿಲ್ಲ. ಡಾಂಬರು ಇಲ್ಲದ ಮರಳಿನಲ್ಲಿ ಜೀಪು ಹೂತುಕೊಂಡರೆ ಇಳಿದು ಮರಳು ತೋಡಬೇಕಿತ್ತು. ಯು.ಎ.ಇ. ಎಂಬ ದೇಶವೂ ಆಗ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1971ರ ಡಿಸೆಂಬರ್ 2ರಂದು. ಅಬುಧಾಬಿ ತನ್ನ ಮೊದಲ ಎಣ್ಣೆಯನ್ನು ಹೊರದೇಶಕ್ಕೆ ಕಳಿಸಿದ್ದು 1962ರಲ್ಲಿ. ಅಂದರೆ 1960ರ ಅಲ್ ಐನ್‌ನಲ್ಲಿ ಖರ್ಜೂರದ ತೋಟಗಳು, ಆ ತೋಟಗಳಿಗೆ ನೀರು ತರುವ ಫಲಜ್ ಎಂಬ ಹಳೆಯ ಕಾಲುವೆಗಳು, ಮಣ್ಣಿನ ಕೋಟೆಗಳು ಇದ್ದವು. ಕರೆಂಟು ಇರಲಿಲ್ಲ, ವೈದ್ಯರೂ ಇರಲಿಲ್ಲ.

ಆ ಕಾಲದಲ್ಲಿ ಅಲ್ಲಿ ಹುಟ್ಟುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳು ಉಳಿಯುತ್ತಿರಲಿಲ್ಲ ಎಂದು ಆ ಆಸ್ಪತ್ರೆಯವರು ತಮ್ಮ ಇತಿಹಾಸದಲ್ಲಿ ಹೇಳುತ್ತಾರೆ. ತಾಯಂದಿರಲ್ಲಿ ಮೂವರಿಗೆ ಒಬ್ಬರು ಹೆರಿಗೆಯಲ್ಲಿ ತೀರಿಕೊಳ್ಳುತ್ತಿದ್ದರಂತೆ. ಒಂದು ನಿಮಿಷ ನಿಲ್ಲಿಸಿ ಯೋಚಿಸಿ. ನಮ್ಮ ಕನ್ನಡ ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಹತ್ತು ಬೆಂಚು ಖಾಲಿ.

ಆಗ ಅಲ್ ಐನ್ ಪ್ರದೇಶದ ಆಡಳಿತ ನೋಡಿಕೊಳ್ಳುತ್ತಿದ್ದವರು ಶೇಖ್ ಝಾಯೆದ್. ಮುಂದೆ ಈ ದೇಶದ ಮೊದಲ ಅಧ್ಯಕ್ಷರಾದವರು. ಅವರ ಆಹ್ವಾನದ ಮೇಲೆ 1960ರ ನವೆಂಬರ್‌ನಲ್ಲಿ ಡಾ. ಪ್ಯಾಟ್ ಕೆನಡಿ ಮತ್ತು ಡಾ. ಮೇರಿಯನ್ ಕೆನಡಿ ಎಂಬ ಗಂಡ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. ಇಬ್ಬರೂ ಕ್ರೈಸ್ತ ಮಿಷನರಿಗಳು. ಶೇಖ್ ಝಾಯೆದ್ ಅವರು ತಮ್ಮ ಮಣ್ಣಿನ ಇಟ್ಟಿಗೆಯ ಅತಿಥಿಗೃಹವನ್ನೇ ಆಸ್ಪತ್ರೆಗೆ ಬಿಟ್ಟುಕೊಟ್ಟರು. ರೋಗಿಗಳು ಒಂಟೆ, ಕತ್ತೆಗಳ ಮೇಲೆ ಬರುತ್ತಿದ್ದರು. ಜೊತೆಗೆ ಮನೆಮಂದಿಯೆಲ್ಲ ಬಂದು ಖರ್ಜೂರದ ಗರಿಯ ಗುಡಿಸಲುಗಳಲ್ಲಿ ಉಳಿದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಫ್ಯಾನಿಲ್ಲದ ಕೋಣೆಯಲ್ಲಿ ಹೆರಿಗೆ ಮಾಡಿಸುವುದನ್ನು ಊಹಿಸಿಕೊಳ್ಳುವುದೂ ಕಷ್ಟ.

1962ರಲ್ಲಿ ಕೆನಡಾದಿಂದ ಗರ್ಟ್ರೂಡ್ ಡಿಕ್ ಎಂಬ ನರ್ಸ್ ಬಂದರು. ಜನ ಅವರನ್ನು ಪ್ರೀತಿಯಿಂದ ‘ಡಾಕ್ಟೋರಾ ಲತೀಫಾ’ ಎಂದು ಕರೆದರು. ಅವರು ಅಲ್ಲಿ ಇದ್ದದ್ದು 38 ವರ್ಷ! ತಾವು ಕಂಡ ಹಳೆಯ ಅಲ್ ಐನ್ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಇಂದಿನ ಅಧ್ಯಕ್ಷರಾದ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ಅವರು 1961ರಲ್ಲಿ ಹುಟ್ಟಿದ್ದು ಇದೇ ಆಸ್ಪತ್ರೆಯಲ್ಲಿ.

ಇದನ್ನು ಓದುವಾಗ ನನಗೆ ಮಂಗಳೂರಿನ ನಮ್ಮ ಅಜ್ಜಿಮನೆಯ ಮಾಡು ನೆನಪಾಯಿತು. ಅದರ ಹಳೆಯ ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಹೆಸರಿನ ಅಚ್ಚು ಇದೆ. ನಮ್ಮೂರಿಗೂ ಮಿಷನರಿಗಳು ಬಂದಿದ್ದರಲ್ಲ!

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿ, ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್‌ನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಅವರು ಹೆಬಿಕ್, ಲೇನರ್ ಮತ್ತು ಗ್ರೈನರ್. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಆಫ್ರಿಕಾ ಖಂಡವನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಿತ್ತು. ಬಂದ ಮೇಲೆ ಮಳೆಗಾಲ, ಜ್ವರ, ಕಾಲರಾ. ಕನ್ನಡ ಬೈಬಲ್ ಅನುವಾದಕ್ಕೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. ಈಗ ನೀವು ಓದುತ್ತಿರುವ ನಮ್ಮ ಇ-ಪತ್ರಿಕೆಗೆ ಅದು ಮುತ್ತಜ್ಜಿ ಇದ್ದ ಹಾಗೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. ಅದು ಅಚ್ಚಾಗಿದ್ದು 1894ರಲ್ಲಿ.

ಹಾಗಾದರೆ ಇವರೆಲ್ಲ ಮಹಾತ್ಮರೇ? ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ ಬಂತು. “ಅವರು ಬಂದಿದ್ದು ಸೇವೆಗಲ್ಲ, ಮತ ಬದಲಿಸೋಕೆ” ಎಂದರು ಅಪ್ಪ. “ಆದರೆ ನೀವು ದಿನಾ ನೋಡೋ ನಿಘಂಟು ಅವರದ್ದೇ ಅಲ್ವಾ?” ಎಂದರು ಅಮ್ಮ. ನನಗೆ ಇಬ್ಬರದೂ ಸರಿ ಎನಿಸಿತು. ಮಿಷನರಿಗಳು ತಮ್ಮ ಧರ್ಮವನ್ನು ಹರಡಲೆಂದೇ ಹೊರಟವರು. ಅದನ್ನು ಅವರೇ ಮುಚ್ಚಿಡಲಿಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮನೆಯವರ ನೋವು ಸುಳ್ಳಲ್ಲ. ಮತಾಂತರವಾದ ಹಲವರು ಜಾತಿ, ಮನೆ, ಕೆಲಸ ಎಲ್ಲವನ್ನೂ ಕಳೆದುಕೊಂಡರು. ಅವರಿಗೆ ಕೆಲಸ ಕೊಡಲೆಂದು ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಮೊದಲ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಅಜ್ಜಿಮನೆಯ ಹೆಂಚಿನ ಹಿಂದೆ ಇಷ್ಟೆಲ್ಲ ಕಥೆ ಇದೆ.

ಇನ್ನೊಂದು ಮಾತು. ಮಿಷನರಿಗಳು ಪಟ್ಟ ಕಷ್ಟದ ಬಗ್ಗೆ ಪುಸ್ತಕಗಳಿವೆ. ಆದರೆ ಅವರಿಗೆ ಕಷ್ಟ ಎನಿಸಿದ ಆ ಗರಿಯ ಗುಡಿಸಲು ಅಲ್ ಐನ್ ಜನರಿಗೆ ದಿನನಿತ್ಯದ ಮನೆ. ಅವರ ಅಜ್ಜಂದಿರೂ ಅದರಲ್ಲೇ ಬಾಳಿದ್ದರು, ಅದಕ್ಕೆ ಯಾರೂ ಅವರನ್ನು ಹೊಗಳಲಿಲ್ಲ. ಬೇಡವೆನಿಸಿದರೆ ಮಿಷನರಿಗಳು ತಮ್ಮ ದೇಶಕ್ಕೆ ವಾಪಸು ಹೋಗಬಹುದಿತ್ತು, ಊರಿನವರು ಎಲ್ಲಿಗೆ ಹೋಗಬೇಕು? ಆದ್ದರಿಂದ ಕಷ್ಟಪಟ್ಟರು ಎಂಬುದಕ್ಕಿಂತ, ಹೋಗಬಹುದಾಗಿದ್ದರೂ ಉಳಿದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಉಳಿದವರು ಕಲಿತರು ಕೂಡ. ತಮ್ಮ ಗ್ರಂಥವನ್ನು ನಮಗೆ ಕೊಡಲು ಬಂದ ಮೋಗ್ಲಿಂಗ್ ನಮ್ಮ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಅಲ್ ಐನ್‌ನಲ್ಲಿ ಜನ ಕೆನಡಿಯವರ ಔಷಧಿ ತೆಗೆದುಕೊಂಡರು, ತಮ್ಮ ನಮಾಜನ್ನು ತಾವು ಮಾಡಿಕೊಂಡೇ ಇದ್ದರು. ಅರಬ್ಬರು ತಮ್ಮ ಮಕ್ಕಳನ್ನು ಬೇರೆ ಧರ್ಮದವರ ಕೈಗೆ ಕೊಟ್ಟು ನಂಬಿದರು. ಈ ನಂಬಿಕೆಗೂ ಧೈರ್ಯ ಬೇಕು. ಕಥೆ ಹೇಳುವಾಗ ನಾವು ಬಂದವರನ್ನು ಮಾತ್ರ ಹೊಗಳುತ್ತೇವೆ, ಬಾಗಿಲು ತೆರೆದವರನ್ನು ಮರೆಯುತ್ತೇವೆ.

ನಾವೂ ಈ ನಾಡಿಗೆ ಹೊರಗಿನಿಂದ ಬಂದವರೇ. ನಮಗೂ ಇಲ್ಲಿ ಬಾಗಿಲು ತೆರೆದಿದೆ. ಮುಂದಿನ ಸಲ ಜೆಬೆಲ್ ಹಫೀತ್ ಬೆಟ್ಟಕ್ಕೋ ಅಲ್ ಐನ್ ಮೃಗಾಲಯಕ್ಕೋ ಹೋದಾಗ ಕನದ್ ಆಸ್ಪತ್ರೆಯ ಮುಂದೆ ಒಂದು ನಿಮಿಷ ಕಾರು ನಿಧಾನಿಸಿ. ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಹೆಂಚೊಂದನ್ನು ತಿರುಗಿಸಿ ನೋಡಿ. ಅಜ್ಜ ಅಜ್ಜಿಯರನ್ನು ಕೇಳಿ, ಅವರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ.